ಕೆಂಪು ಗೀಟಿನ ಕ್ರ್ಯಾಂಕು

ಫೆಬ್ರುವರಿ ೪

ಇವತ್ತಿನಿಂದ ನಾನು ಉಳ್ಳವರ ಹೆಣ ಮಾರುವವನು.

ಹೆಣವೆಂದರೆ ಕಾರಿನ ಹೆಣ. ದುಡ್ಡಿನ ಮದ ನೆತ್ತಿಗೇರಿದವರು ಜಿದ್ದಿಗೆ ಬಿದ್ದು ಓಡಿಸಿ, ಕಂಬಕ್ಕೋ ಕಟ್ಟೆಗೋ ಗುದ್ದಿ, ಮಾರನೇ ದಿನ ಹೊಸದು ಕೊಂಡು, ಹಳೆಯದನ್ನು ಬಿಸಾಕಿ ಹೋದ ರೇಸು ಕಾರುಗಳು. ಅವುಗಳ ಹೊಟ್ಟೆ ಬಗೆದು, ಎಂಜಿನ್ನಿನ ಕರುಳು ಮೂಳೆ ಬಿಡಿಸಿ ಮಾರುವುದು ಅಕ್ಕನ ಕಸುಬು. ವರ್ಷಗಟ್ಟಲೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ಯಾರ ವಿರುದ್ಧ ಗಂಟಲು ಹರಿದುಕೊಂಡೆನೋ, ಅವರ ಎಂಜಲನ್ನೇ ಈಗ ಒರೆಸಿ ಸಾಲಾಗಿ ಜೋಡಿಸಬೇಕು. ಥೂ.

ಬೇರೆ ದಾರಿಯಿಲ್ಲ. ಅಕ್ಕ ಅಂಗಡಿಯ ಅಟ್ಟದಿಂದ ಇಳಿಯುವಾಗ ಏಣಿ ಜಾರಿ ಬಿದ್ದಿದ್ದಾಳೆ. ಕೈಯಲ್ಲಿ ಟರ್ಬೊ ಇತ್ತಂತೆ. ಎಂಜಿನ್ನಿಗೆ ಗಾಳಿ ತುರುಕುವ, ಬಸವನಹುಳದ ಚಿಪ್ಪಿನಂಥ ಸಾಮಾನು ಅದು. ಅದನ್ನು ಎದೆಗೆ ಅವಚಿಕೊಂಡೇ ಬಿದ್ದಳು. ಟರ್ಬೊ ಉಳಿಯಿತು, ಕಾಲು ಮುರಿಯಿತು.

"ಅದನ್ನ ಬಿಸಾಕಬಾರದಿತ್ತಾ ಅಕ್ಕಾ?"

"ಕಾಲು ತಾನಾಗೇ ಕೂಡಿಕೊಳ್ಳುತ್ತೆ ಕಣೋ. ಟರ್ಬೊ ಕೂಡಿಕೊಳ್ಳುತ್ತಾ?"

ಮಂಚದ ಮೇಲೆ ಕಾಲು ನೀಡಿಕೊಂಡು ರಾಣಿಯ ಹಾಗೆ ಅಪ್ಪಣೆ ಕೊಡುತ್ತಿದ್ದಾಳೆ. ಪ್ಲಾಸ್ಟರ್ ಬಿಚ್ಚುವ ತನಕ ಅಂಗಡಿ ನನ್ನದು. ಬಿಚ್ಚಿದ ದಿನ ನನ್ನ ದಾರಿ ನನಗೆ. ನಮ್ಮ ಕಾರ್ಮಿಕ ಸಂಘದ ಪತ್ರಿಕೆಯ ಕೆಲಸ ಅಲ್ಲಿ ಹಾಗೇ ಬಿದ್ದಿದೆ.

ಫೆಬ್ರುವರಿ ೬

ಈ ಬೀದಿಯ ತುಂಬ ಇದೇ ವ್ಯಾಪಾರ. ಎರಡೂ ಕಡೆ ತಗಡಿನ ಶಟರು, ನೆಲಕ್ಕೆಲ್ಲ ಕಪ್ಪು ಆಯಿಲ್ಲು, ಬಾಗಿಲಿಗೆ ತೂಗುಬಿಟ್ಟ ಕಬ್ಬಿಣ. ಎದುರಂಗಡಿಯವನು ಮೀಸೆ. ಹೆಸರು ಏನಾದರೂ ಇರಲಿ, ಮುಖದಲ್ಲಿ ಬೇರೇನೂ ಕಾಣುವುದಿಲ್ಲ. ಬೀದಿಯ ಅಂಗಡಿಯವರಿಗೆಲ್ಲ ಅವನೇ ಮುಂದಾಳು. ದೊಡ್ಡ ಹೊಟ್ಟೆ, ಸ್ಟೂಲಿನ ಮೇಲೆ ದರ್ಬಾರು. ಕಂಡ ಕೂಡಲೇ ಗೊತ್ತಾಯಿತು, ಇದು ನಮ್ಮ ಕಾರ್ಖಾನೆಯ ಹಳೇ ಮ್ಯಾನೇಜರನ ತಳಿ.

ಒಂದು ಸಾಮಾನೂ ಹೋಗಲಿಲ್ಲ. ಗಿರಾಕಿ ಬಂದು "ಈ ಪಿಸ್ಟನ್ ಚೆನ್ನಾಗಿದೆಯಾ?" ಅಂದರೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಇದರ ಯಜಮಾನ ಎಂಥವನು, ಇದು ಯಾಕೆ ಸತ್ತಿತು, ಒಬ್ಬನ ಮೋಜಿಗೆ ಸುಟ್ಟ ಪೆಟ್ರೋಲಿನಲ್ಲಿ ಎಷ್ಟು ಮನೆಯ ಒಲೆ ಉರಿಯುತ್ತಿತ್ತು, ಎಲ್ಲವನ್ನೂ. ಅವನು ಪಿಸ್ಟನ್ ಕೆಳಗಿಟ್ಟು "ಆಮೇಲೆ ಬರ್ತೀನಿ ಸಾರ್" ಅಂತ ಕಾಲು ಕಿತ್ತ. ಮೀಸೆ ಎದುರಿನಿಂದ ಚಪ್ಪಾಳೆ ತಟ್ಟಿದ.

"ಭಾಷಣದೋರೇ! ಮೈಕ್ ತರಿಸ್ಲಾ?"

ಸಂಜೆಯ ಹೊತ್ತಿಗೆ ಇಡೀ ಬೀದಿಗೆ ನಾನು ಭಾಷಣ. ಅನ್ನಲಿ. ನಾಚಿಕೊಳ್ಳುವ ಹೆಸರೇನಲ್ಲ.

ಫೆಬ್ರುವರಿ ೯

ಅಕ್ಕ ಇವತ್ತು ಮುಖ್ಯವಾದ ಒಂದು ಮಾತು ಹೇಳಿದಳು. ಬಾಕಿ ಏನು ಹಾಳಾದರೂ ಪರವಾಗಿಲ್ಲ, ಇದೊಂದು ಕೆಡಬಾರದಂತೆ.

ಟ್ಯಾಕ್ಸಿ ಓಡಿಸುವ ಹೆಂಗಸೊಬ್ಬಳು ಇದ್ದಾಳೆ. ಬೀದಿಯಲ್ಲಿ ಅವಳ ಹೆಸರೂ ಟ್ಯಾಕ್ಸಿಯೇ. ಸತ್ತ ರೇಸು ಕಾರುಗಳ ಸಾಮಾನನ್ನು ಅಕ್ಕನ ಹತ್ತಿರ ಒಂದೊಂದಾಗಿ ಕೊಂಡು, ತನ್ನ ಹಳೇ ಟ್ಯಾಕ್ಸಿಯೊಳಗೆ ಕೂರಿಸಲು ಒಂದು ಎಂಜಿನ್ನು ಕಟ್ಟುತ್ತಿದ್ದಾಳೆ. ಊರಾಚೆ, ಹಿಂದೆ ವಿಮಾನ ಇಳಿಯುತ್ತಿದ್ದ ಪಾಳು ಬಯಲಿನಲ್ಲಿ ವರ್ಷಕ್ಕೊಮ್ಮೆ ಯಾರು ಬೇಕಾದರೂ ಇಳಿಯಬಹುದಾದ ರೇಸು ನಡೆಯುತ್ತದೆ. ಮುಂದಿನ ತಿಂಗಳು. ಅದೇ ಕೊನೆಯದು. ಬಯಲನ್ನು ಯಾವನೋ ಕುಳ ಕೊಂಡಿದ್ದಾನೆ, ಗೋದಾಮು ಕಟ್ಟುತ್ತಾನೆ.

"ಬೇರೆಯವರು ಹೇಳಿದ ಕಡೆಗೇ ಗಾಡಿ ತಿರುಗಿಸಿ ತಿರುಗಿಸಿ ಅವಳ ವಯಸ್ಸು ಹೋಯ್ತು ಕಣೋ," ಅಂದಳು ಅಕ್ಕ. "ಒಂದು ದಿನ ತನಗೆ ಬೇಕಾದ ಹಾಗೆ ಓಡಿಸ್ಬೇಕಂತೆ. ಕ್ರ್ಯಾಂಕ್ ಕೊಡ್ತೀನಿ ಅಂತ ನಾನು ಮಾತು ಕೊಟ್ಟಿದೀನಿ."

ಕ್ರ್ಯಾಂಕೆಂದರೆ ಎಂಜಿನ್ನಿನ ಬೆನ್ನೆಲುಬು. ಪಿಸ್ಟನ್ನುಗಳ ಕುಣಿತವನ್ನೆಲ್ಲ ಹಿಡಿದು ಚಕ್ರದ ತಿರುಗು ಮಾಡುವ ಡೊಂಕು ಉಕ್ಕು. ಅದು ಕೂರದೆ ಮೇಲಿನದೊಂದೂ ಕೂರುವುದಿಲ್ಲ. ರೇಸು ಕಾರಿನದು ಕಾಸಿ ಬಡಿದು ಮಾಡಿದ್ದು, ಹಗುರ, ಸುಲಭಕ್ಕೆ ಸಿಗುವುದಿಲ್ಲ. ಅಕ್ಕ ಅದನ್ನು ಗೋಣಿಯಲ್ಲಿ ಸುತ್ತಿ ಗಂಟು ಹಾಕಿ ಮೂಲೆಯಲ್ಲಿಟ್ಟಿದ್ದಾಳೆ.

"ಕೊಡೋ ಮುಂಚೆ ಒಂದ್ಸಲ ಸುತ್ತಿಗೇಲಿ ಬಡಿದು ನೋಡು. ಟಣ್ ಅಂತ ನಾದ ಎಳೆದ್ರೆ ಕೊಡು. ದಬ್ ಅಂದ್ರೆ ಒಳಗೆ ಬಿರುಕಿದೆ ಅಂತ ಅರ್ಥ."

ಈ ಹೆಂಗಸಿನ ವಿಷಯ ನನಗೆ ಹಿಡಿಸಿತು. ಇದು ಸಾಮಾನಿನ ವ್ಯಾಪಾರವಲ್ಲ, ಹೋರಾಟ.

ಫೆಬ್ರುವರಿ ೧೧

ಗಂಟು ಬಿಚ್ಚಿದೆ. ಗೀರು ಬೀಳದಿರಲಿ ಎಂದು ಮೇಜಿನ ಮೇಲೆ ಗೋಣಿ ಹಾಸಿ, ಅದರ ಮೇಲೆ ಕ್ರ್ಯಾಂಕನ್ನು ಕೂಸಿನ ಹಾಗೆ ಮಲಗಿಸಿ ಬಡಿದೆ.

ದಬ್.

ಮತ್ತೆ ಬಡಿದೆ. ದಬ್. ಆ ತುದಿಗೆ ಬಡಿದೆ. ದಬ್ಬೇ ದಬ್ಬು.

ಪಾಪ ಅಕ್ಕ. ಯಾವನೋ ಖದೀಮ ಅವಳ ತಲೆಗೆ ಕಟ್ಟಿದ್ದಾನೆ. ದುಡಿಯುವ ಹೆಣ್ಣುಮಗಳಿಗೆ ಬಿರುಕು ಮಾರುವುದಾ? ನನ್ನ ಜೀವ ಇರುವ ತನಕ ಆಗದು. ಕೆಂಪು ಬಣ್ಣ ತಂದು ಕ್ರ್ಯಾಂಕಿನ ಉದ್ದಕ್ಕೂ ಗೀಟೆಳೆದೆ. ಇನ್ನು ಯಾರೂ ಮೋಸ ಹೋಗಬಾರದು. ಆಮೇಲೆ ಗೋಣಿಯ ಸಮೇತ ಎದುರಂಗಡಿಗೆ ಹೊತ್ತುಕೊಂಡು ಹೋಗಿ ಗುಜರಿ ತೂಕಕ್ಕೆ ಮೀಸೆಯ ಮುಂದೆ ಎಸೆದೆ. ಅವನು ಗೋಣಿ ನೋಡಿದ, ಗೀಟು ನೋಡಿದ, ನನ್ನ ಮುಖ ನೋಡಿದ.

"ಗ್ಯಾರಂಟಿನಾ ಭಾಷಣದೋರೇ?"

"ನಾನು ಸತ್ಯ ಬಿಟ್ಟು ಬೇರೆ ಮಾರಲ್ಲ!"

ಅಕ್ಕನಿಗೆ ಹೇಳಲಿಲ್ಲ. ಕಾಲುನೋವಿನ ಮೇಲೆ ಎದೆನೋವು ಬೇಡ. ಬೇರೊಂದನ್ನು ನಾನೇ ಹುಡುಕುತ್ತೇನೆ. ಇಂಥ ಬೀದಿಯಲ್ಲಿ ಒಂದು ಕ್ರ್ಯಾಂಕು ಸಿಗದೆ ಹೋಗುತ್ತದೆಯೇ?

ಫೆಬ್ರುವರಿ ೧೨

ಟ್ಯಾಕ್ಸಿ ಬಂದಿದ್ದಳು. ಗಟ್ಟಿ ಆಳು. ಅಂಗೈ ತುಂಬ ಗ್ರೀಸು, ತಲೆಗೆ ಬಿಗಿದು ಕಟ್ಟಿದ ವಸ್ತ್ರ. ಎಂಜಿನ್ನಿನ ಮೈ ಲೇಥಿನಿಂದ ಬಂದಿದೆಯಂತೆ, ಕ್ರ್ಯಾಂಕು ಕೂರಿಸಿದರೆ ಮಿಕ್ಕಿದ್ದೆಲ್ಲ ತಾನಾಗಿ ಏರುತ್ತದಂತೆ. ಬಿರುಕಿನ ಸಂಗತಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹೊಸಿಲ ಮೇಲೆ ಕೂತಳು.

"ಅಕ್ಕನ ಕೈ ತಪ್ಪೋದಿಲ್ಲವಲ್ಲ ಅಣ್ಣಾ," ಅಂದಳು. ಅಷ್ಟೇ.

ಮುಷ್ಕರ ಮುರಿದು ಬಿದ್ದ ದಿನ ನಮ್ಮ ಕಾರ್ಖಾನೆಯ ಹುಡುಗಿಯರು ಹೀಗೇ ಕೂತಿದ್ದರು. "ನಾನಿದೀನಿ ತಾಯಿ, ಪಾತಾಳದಿಂದಾದರೂ ತರ್ತೀನಿ," ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಫೆಬ್ರುವರಿ ೧೬

ಇಡೀ ಬೀದಿಯೇ ಬಿರುಕು!

ಅಂಗಡಿ ಅಂಗಡಿ ಹತ್ತಿಳಿದೆ. ಸುತ್ತಿಗೆ ನನ್ನದೇ, ಗೋಣಿಯೂ ನನ್ನದೇ. ಹಾಸಿ, ಮಲಗಿಸಿ, ಬಡಿದು ನೋಡಿದೆ. ದಬ್, ದಬ್, ದಬ್. ನಾನು ಮೊದಲಿನಿಂದ ಹೇಳುತ್ತಾ ಬಂದದ್ದು ಇದನ್ನೇ. ವ್ಯವಸ್ಥೆ ಹೊರಗೆ ಥಳಥಳ, ಒಳಗೆ ಪೊಳ್ಳು. ಅಂಗಡಿಯವರು ನನ್ನನ್ನು ಹುಚ್ಚು ನಾಯಿ ನೋಡಿದ ಹಾಗೆ ನೋಡಿದರು. ಒಬ್ಬನಂತೂ "ಸಾರ್, ನಿಮ್ಮ ತಲೇನ ಒಂದ್ಸಲ ಬಡಿದು ನೋಡ್ಲಾ, ಏನನ್ನುತ್ತೋ," ಅಂದ. ಸತ್ಯ ಹೇಳುವವನಿಗೆ ಇದೇನು ಹೊಸದೇ?

ಒಂದು ಮಾತು ಒಪ್ಪಬೇಕು. ಈ ಸಾಮಾನುಗಳನ್ನು ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸು ಬಾರದು. ಯಾವನೋ ಕೆಲಸಗಾರ ಎಂಥ ನಯವಾಗಿ ತಿಕ್ಕಿದ್ದಾನೆ! ಓಡಿಸಿ ಕೆಡಿಸಿದವನು ಉಳ್ಳವನಿರಬಹುದು, ಮಾಡಿದ ಕೈ ನಮ್ಮವರದೇ ಅಲ್ಲವೇ.

ಫೆಬ್ರುವರಿ ೧೭

ಇವತ್ತೂ ಇಲ್ಲ.

ಫೆಬ್ರುವರಿ ೧೯

ಹೇಗೆ ಬರೆಯಲಿ.

ಇವತ್ತು ಟ್ಯಾಕ್ಸಿಯೂ ಜೊತೆಗೆ ಬಂದಳು. ಬೀದಿಯ ಕೊನೆಯ ಅಂಗಡಿಯಲ್ಲಿ ಒಳ್ಳೆಯದೊಂದು ಕ್ರ್ಯಾಂಕು ಇತ್ತು, ಆದರೆ ಅವಳ ಎಂಜಿನ್ನಿಗೆ ಅಳತೆ ಕೂಡಿಬರುವುದಲ್ಲ. ಅಭ್ಯಾಸ ಬಲ, ನಾನು ಗೋಣಿ ಹಾಸಿದೆ, ಮಲಗಿಸಿದೆ, ಸುತ್ತಿಗೆ ಎತ್ತಿದೆ.

"ಅದೇನ್ ಮಾಡ್ತಿದೀರಿ ಅಣ್ಣಾ?"

"ಬಡಿದು ನೋಡ್ತಿದೀನಿ."

"ಮಲಗಿಸ್ಕೊಂಡಾ?" ಅವಳ ಕಣ್ಣು ಅಗಲವಾದವು. "ಹಾಸಿಗೆ ಹಾಸಿ, ಮಲಗಿಸಿ? ಜೋಗುಳಾನೂ ಹಾಡ್ತೀರಾ?"

ಅಂಗಡಿಯವನಿಂದ ಹಗ್ಗ ಇಸಿದುಕೊಂಡು ಅದೇ ಕ್ರ್ಯಾಂಕನ್ನು ತೊಲೆಗೆ ತೂಗುಬಿಟ್ಟಳು. ಅದು ಗಾಳಿಯಲ್ಲಿ ಮೆಲ್ಲಗೆ ತಿರುಗಿತು. ಸುತ್ತಿಗೆಯ ತುದಿಯಿಂದ ಸುಮ್ಮನೆ ಮುಟ್ಟಿದ ಹಾಗೆ ಮಾಡಿದಳು.

ಟಣ್‌ಣ್‌ಣ್—

ತಗಡಿನ ಗೋಡೆಗಳ ತನಕ ಹೋಗಿ ಬಂತು ನಾದ.

"ಯಾವುದಕ್ಕೂ ತಾಗದೆ ನೇತಾಡ್ತಿದ್ರೆ ತಾನೇ ಅದು ಮಾತಾಡೋದು? ಗೋಣಿ ಮೇಲೆ ಮಲಗಿಸಿದ್ರೆ ದೇವಸ್ಥಾನದ ಗಂಟೆನೂ ದಬ್ ಅನ್ನುತ್ತೆ! ನೀವು ಕಾರ್ಖಾನೇಲಿದ್ರಲ್ಲ ಅಣ್ಣಾ?"

"ಪ್ಯಾಕಿಂಗ್ ವಿಭಾಗ ಕಣಮ್ಮ. ಅದೂ ಜಾಸ್ತಿ ಹೊತ್ತು ಗೇಟಿನ ಹೊರಗೆ."

ಅವಳು ನಗತೊಡಗಿದಳು. ಅಂಗಡಿಯವನೂ ನಕ್ಕ. ನಾನೂ ನಕ್ಕೆ. ನಗುತ್ತಾ ನಗುತ್ತಾ ಮೂವರಿಗೂ ಒಟ್ಟಿಗೇ ಹೊಳೆಯಿತು, ನಾನು ಕೆಂಪು ಗೀಟೆಳೆದು ಎಸೆದು ಬಂದದ್ದು ಏನನ್ನು ಎಂದು. ನಗು ನಿಂತಿತು.

ಅಕ್ಕನ ಮಾತು ಈಗ ಮೀಸೆಯ ಗುಜರಿ ರಾಶಿಯಲ್ಲಿದೆ. ಇಷ್ಟು ಹೊತ್ತಿಗೆ ಕರಗಿ ಕಬ್ಬಿಣದ ಸರಳಾಗಿ ಹೋಗಿರದಿದ್ದರೆ.

ಫೆಬ್ರುವರಿ ೨೦

ಶಟರು ಎತ್ತುವ ಮೊದಲೇ ಮೀಸೆಯ ಅಂಗಡಿಯ ಮುಂದೆ ನಿಂತೆ. ಜೀವಮಾನದಲ್ಲಿ ಯಾವ ಮಾಲೀಕನ ಮುಂದೆಯೂ ಕೈಕಟ್ಟದವನು ಕೈಕಟ್ಟಿದೆ.

"ಇದೆ," ಅಂದ ಅವನು, ಮೀಸೆ ನೀವುತ್ತಾ. "ಅವತ್ತೇ ತೂಗುಬಿಟ್ಟು ನೋಡಿದೆ. ಬಂಗಾರ! ನಿಮ್ಮಕ್ಕನ ಗೋಣಿ ನಂಗೆ ಗೊತ್ತಾಗಲ್ವಾ? ಎತ್ತಿಟ್ಟಿದೀನಿ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಸಂದು ಬೇಕಲ್ಲ ಸ್ವಾಮಿ! ನೀವು ಬಂದಾಗಿನಿಂದ ಒಂದೇ ಸಮ ನೀವೇ ಮಾತಾಡ್ತಿದೀರಿ. ಎರಡು ಸಲ ಬಾಗಿಲ ತನಕ ಬಂದೆ. ಒಂದ್ಸಲ ನನ್ನನ್ನ ಶೋಷಕ ಅಂದ್ರಿ, ಇನ್ನೊಂದ್ಸಲ ಜಿಗಣೆ ಅಂದ್ರಿ. ವಾಪಸ್ ಹೋದೆ."

ಅಂದಿರಬಹುದು. ನೆನಪಿಲ್ಲ.

"ಬೆಲೆ ಹೇಳಿ," ಅಂದೆ.

"ದುಡ್ಡು ಬೇಡ. ನಾಳೆ ಶಟರು ಎತ್ತಿದಾಗಿನಿಂದ ಇಳಿಸೋತನಕ ನೀವು ತುಟಿಪಿಟಕ್ ಅನ್ನಬಾರದು. ಒಂದಕ್ಷರ ಬಂತೋ, ಕ್ರ್ಯಾಂಕು ನನ್ನದು. ಬೀದಿಗೆ ಒಂದು ದಿನ ರಜಾ ಕೊಡಿ ಸಾರ್!"

ಇದು ಸರ್ವಾಧಿಕಾರ. ಅಭಿವ್ಯಕ್ತಿಯ ಮೇಲೆ ನೇರ ಹಲ್ಲೆ. ಒಪ್ಪಿಕೊಂಡೆ.

ಫೆಬ್ರುವರಿ ೨೧

ಮಾತಾಡುವಂತಿಲ್ಲ, ಬರೆಯಬಹುದಲ್ಲ. ಗಿರಾಕಿಯಿಲ್ಲದ ಸಂದಿಯಲ್ಲೆಲ್ಲ ಬರೆಯುತ್ತಿದ್ದೇನೆ.

ಬೀದಿಗೆ ಬೀದಿಯೇ ನೋಡಲು ಬಂದಿದೆ, ಕರಡಿ ಆಡಿಸುವವನು ಬಂದ ಹಾಗೆ. ಟ್ಯಾಕ್ಸಿ ಇವತ್ತು ಬಾಡಿಗೆ ಬಿಟ್ಟು ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದಾಳೆ. ನನ್ನ ಬಾಯಿ ಸ್ವಲ್ಪ ತೆರೆದರೂ ಮೊಣಕೈಯಲ್ಲಿ ತಿವಿಯುತ್ತಾಳೆ. ಆಕಳಿಸಲೂ ಬಿಡುತ್ತಿಲ್ಲ.

ಮೀಸೆ ಶುರು ಮಾಡಿದ. ಎದುರಿನಿಂದ ಗಟ್ಟಿಯಾಗಿ, ಆಕಾಶಕ್ಕೆ ಹೇಳುವವನ ಹಾಗೆ: "ನಾನು ಹೇಳ್ತೀನಿ ಕೇಳಿ, ಮುಷ್ಕರ ಮಾಡೋರೆಲ್ಲ ಮೈಗಳ್ಳರು!" ಕರವಸ್ತ್ರ ಕಚ್ಚಿದೆ. "ಕಾರ್ಖಾನೆ ಮುಚ್ಚಿದ್ದು ಯಾರಿಂದ? ಮಾಲೀಕ ದೇವರಂಥವನು!" ಕರವಸ್ತ್ರ ಹರಿಯಿತು. ಟ್ಯಾಕ್ಸಿ ತನ್ನ ತಲೆಯ ವಸ್ತ್ರ ಬಿಚ್ಚಿ ಕೊಟ್ಟಳು. ಗ್ರೀಸಿನ ರುಚಿ. "ಬಡವ ಬಡವನಾಗಿರೋದು ಅವನ ಹಣೆಬರಹ!" ಎದ್ದೇ ನಿಂತೆ. ಹಣೆಬರಹವಂತೆ! ಅದಕ್ಕೆ ನನ್ನಲ್ಲಿ ಅರ್ಧ ಗಂಟೆಯ ಉತ್ತರವಿದೆ. ಟ್ಯಾಕ್ಸಿ ನನ್ನ ಅಂಗಿಯ ಚುಂಗು ಹಿಡಿದೆಳೆದಳು. ಅವಳ ಮುಖ ನೋಡಿದೆ. ಕೂತುಬಿಟ್ಟೆ. ಬೀದಿಯೆಲ್ಲ ಸಿಳ್ಳೆ.

ವಿಚಿತ್ರವೆಂದರೆ ಇವತ್ತು ವ್ಯಾಪಾರ ಕುದುರಿತು. ಒಬ್ಬ ಕವಾಟ ತೆರೆಸುವ ಕ್ಯಾಮ್‌ಶಾಫ್ಟ್ ಹಿಡಿದು "ಇದು ಉರಿದ ಎಂಜಿನ್ನಿನದಾ?" ಅಂದ. ನಾನು ಸುಮ್ಮನೆ ಅವನನ್ನೇ ನೋಡಿದೆ. "ಇಲ್ಲ, ಉರಿದದ್ದಲ್ಲ, ಅಂಚು ನೀಲಿ ತಿರುಗಿಲ್ಲ," ಅಂತ ತಾನೇ ಹೇಳಿಕೊಂಡು ಕೊಂಡುಹೋದ. ಇನ್ನೊಬ್ಬ ಟರ್ಬೊ ಬೇಕೆಂದು ಬಂದು, ಯಾಕೆ ಬೇಕೆಂದು ತಾನೇ ವಿವರಿಸುತ್ತಾ ವಿವರಿಸುತ್ತಾ, ತನಗೆ ಮೊದಲು ಬೇಕಿರುವುದು ಟರ್ಬೊ ಅಲ್ಲ, ಹೆಂಡತಿಯ ಒಪ್ಪಿಗೆ ಎಂದು ಕಂಡುಕೊಂಡು, ನನ್ನ ಕೈ ಕುಲುಕಿ "ನೀವು ಕಣ್ತೆರೆಸಿದ್ರಿ" ಅಂದ. ಮತ್ತೊಬ್ಬ ಮುದುಕ ತನ್ನ ಕಾಲದ ಎಂಜಿನ್ನುಗಳ ಕಥೆ ಹೇಳುತ್ತಾ ಕೂತ. ಪಿಸ್ಟನ್ನಿನ ಒಂದು ಮಗ್ಗುಲು ಮಾತ್ರ ಸವೆದಿದ್ದರೆ ಅದು ಯಾವ ಕಾಯಿಲೆ, ತಲೆ ಬಿಳಿಚಿಕೊಂಡಿದ್ದರೆ ಯಾವುದು, ಎಲ್ಲ ಹೇಳಿದ. ಇಂಥವನು ದಿನಾ ಇದೇ ಬೀದಿಯಲ್ಲಿ ಓಡಾಡುತ್ತಿದ್ದನಂತೆ. ಇಷ್ಟು ದಿನ ಎಲ್ಲಿ ಅಡಗಿದ್ದ?

ತಿಂಗಳ ಮೊದಲ ವಾರವಲ್ಲದಿದ್ದರೂ ಜನರ ಕೈಯಲ್ಲಿ ಇವತ್ತು ದುಡ್ಡು ಓಡಾಡುತ್ತಿರಬೇಕು. ವ್ಯಾಪಾರಕ್ಕೆ ಬೇರೆ ಕಾರಣ ಕಾಣುವುದಿಲ್ಲ.

ಸಂಜೆ ಶಟರು ಇಳಿಸಿದೆ. ಮೀಸೆ ಕ್ರ್ಯಾಂಕನ್ನು ತಾನೇ ಹೆಗಲ ಮೇಲೆ ಹೊತ್ತು ತಂದ. ಬೀದಿಯ ನಡುವೆ ಎತ್ತಿ ನಿಲ್ಲಿಸಿದ ಬಂಡಿಯ ಮೂಕಿಗೆ ತೂಗುಬಿಟ್ಟು ಸುತ್ತಿಗೆ ನನ್ನ ಕೈಗೆ ಕೊಟ್ಟ. ಮುಟ್ಟಿದೆ. ಎಂಥ ನಾದ ಅದು! ಸಣ್ಣಗೆ, ಉದ್ದಕ್ಕೆ, ಎದೆಯೊಳಗೆ ನೂಲು ಎಳೆದ ಹಾಗೆ.

"ಈಗ ಮಾತಾಡಬಹುದು ಭಾಷಣದೋರೇ," ಅಂದ ಮೀಸೆ.

ಇನ್ನೊಂದು ಸಲ ಸುತ್ತಿಗೆ ಮುಟ್ಟಿಸಿದೆ.

ಫೆಬ್ರುವರಿ ೨೨

ಅಕ್ಕನಿಗೆ ಎಲ್ಲ ಹೇಳಿದೆ. ಮೊದಲು ಊರುಗೋಲು ಎತ್ತಿದಳು.

"ಕೆಂಪು ಬಣ್ಣ ಬಳಿದ್ಯಾ? ನನ್ನ ಕ್ರ್ಯಾಂಕಿಗೆ? ನಿಂಗೆ ಪ್ರಪಂಚದಲ್ಲಿ ಬೇರೆ ಬಣ್ಣ ಗೊತ್ತಿಲ್ವೇನೋ?"

"ತೂಗುಬಿಟ್ಟು ಬಡಿ ಅಂತ ನೀನು ಹೇಳ್ಬೇಕಿತ್ತಕ್ಕಾ."

"ಉಣ್ಣು ಅಂದ್ಮೇಲೆ ಬಾಯಿ ತೆಗಿ ಅಂತಾನೂ ಹೇಳ್ಬೇಕಾ?"

ಮೀಸೆಯ ಷರತ್ತಿನ ಕಥೆ ಬಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಪ್ಲಾಸ್ಟರ್ ಹಿಡಿದುಕೊಂಡು ನಕ್ಕಳು. "ನೀನು? ಇಡೀ ದಿನ? ಅಯ್ಯೋ, ನಾನು ನೋಡ್ಬೇಕಿತ್ತಲ್ಲೋ! ಹೊತ್ಕೊಂಡಾದ್ರೂ ಹೋಗಬಾರದಿತ್ತಾ ನನ್ನ!" ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ, "ಹೋಗು, ಅವಳ ಶೆಡ್ಡಿನಲ್ಲಿ ಕೈಜೋಡಿಸು. ದೀಪ ಹಿಡಿಯೋಕಾದ್ರೂ ಆಗ್ತೀಯ," ಅಂದಳು.

ಮಾರ್ಚ್ ೩

ಶೆಡ್ಡಿನಲ್ಲೇ ಇದ್ದೇನೆ, ಅಂಗಡಿ ಮುಚ್ಚಿದ ಮೇಲೆ. ಕ್ರ್ಯಾಂಕು ಕೂತಿದೆ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗುತ್ತದೆ. ಕೆಂಪು ಗೀಟನ್ನು ಒರೆಸುತ್ತೇನೆ ಅಂದರೆ ಟ್ಯಾಕ್ಸಿ ಬಿಡಲಿಲ್ಲ. "ಇರ್ಲಿ ಅಣ್ಣಾ, ಒಳಗಿರೋದು ಯಾರಿಗೆ ಕಾಣುತ್ತೆ?" ಮೀಸೆ ತನ್ನ ಅಂಗಡಿಯಿಂದ ಹೊಸ ಬೋಲ್ಟುಗಳನ್ನು ತಂದುಕೊಟ್ಟ. ಜಿಗಣೆ ಅಂದದ್ದಕ್ಕೆ ಏನಾದರೂ ಹೇಳಬೇಕೆಂದುಕೊಂಡೆ. ಅವನು ಟಾರ್ಕ್ ಸ್ಪ್ಯಾನರು ಹಿಡಿದು ಬೋಲ್ಟು ಬಿಗಿಯುತ್ತಿದ್ದ, ಬಿಗಿ ಸಾಕೆಂದು ಅದು ಮಾಡುವ ಕಟಕ್ ಸದ್ದಿಗೆ ಕಾಯಬೇಕಿತ್ತು. ದೀಪವನ್ನು ಇನ್ನೂ ಹತ್ತಿರ ಹಿಡಿದೆ.

ಮಾರ್ಚ್ ೧೦

ಹತ್ತಿಕೊಂಡಿತು!! ಮೊದಲನೇ ಸಲ ಕೆಮ್ಮಿತು, ಎರಡನೇ ಸಲ ಸೀನಿತು, ಮೂರನೆಯದಕ್ಕೆ ಗುರ್ ಅಂತು ನೋಡಿ, ಶೆಡ್ಡಿನ ತಗಡೆಲ್ಲ ಅದುರಿತು. ನಾನು ಮೀಸೆಯನ್ನು ತಬ್ಬಿಕೊಂಡಿದ್ದೆನಂತೆ. ಟ್ಯಾಕ್ಸಿ ಹೇಳುತ್ತಾಳೆ. ಸುಳ್ಳಿರಬೇಕು.

ಮಾರ್ಚ್ ೧೫

ಬೀದಿಯ ಶಟರುಗಳೆಲ್ಲ ಮುಚ್ಚಿದ್ದವು. ಬಯಲಿಗೆ ಎಲ್ಲರೂ ಹೋಗಿದ್ದೆವು. ಅಕ್ಕನನ್ನು ಕುರ್ಚಿಯ ಸಮೇತ ಗುಜರಿಯ ಟೆಂಪೋದ ಮೇಲೆ ಕೂರಿಸಿದ್ದೆವು. ಅಲ್ಲಿಂದಲೇ ಊರುಗೋಲು ತೋರಿಸಿ ತೋರಿಸಿ ಎಲ್ಲರಿಗೂ ಹುಕುಂ.

ಸಾಲಿನಲ್ಲಿ ನಿಂತ ಕಾರುಗಳನ್ನು ನೋಡಬೇಕಿತ್ತು. ಕನ್ನಡಿಯ ಹಾಗೆ ಹೊಳೆಯುವವು, ನೆಲಕ್ಕಂಟಿಕೊಂಡವು. ಕೊನೆಯಲ್ಲಿ ನಮ್ಮದು, ಬಾಗಿಲಿಗೆ ಒಂದು ಬಣ್ಣ ಬಾನೆಟ್ಟಿಗೆ ಒಂದು ಬಣ್ಣ, ತಲೆಯ ಮೇಲೆ ಟ್ಯಾಕ್ಸಿಯ ಹಳೇ ಫಲಕ. ಬಿಳೀ ಕಾರಿನವನೊಬ್ಬ ಕಿಟಕಿ ಇಳಿಸಿ "ಯಾರನ್ನ ಇಳಿಸೋಕೆ ಬಂದ್ರಿ?" ಅಂತ ಕೇಳಿದ. "ನಿಮ್ಮನ್ನೇ," ಅಂದಳು ಟ್ಯಾಕ್ಸಿ.

ಬಾವುಟ ಬಿತ್ತು. ಮೊದಲನೇ ಸುತ್ತಿನಲ್ಲಿ ಅವಳೇ ಕೊನೆ. ಎರಡನೆಯದರಲ್ಲೂ ಕೊನೆ. ಅಕ್ಕ ಮಾತ್ರ ಕಣ್ಣು ಮುಚ್ಚಿ ಕೂತಿದ್ದಳು. "ನೋಡಕ್ಕಾ!" ಅಂದರೆ "ಶ್! ಕೇಳಿಸ್ಕೋ. ಅವಳಿನ್ನೂ ಪೂರ್ತಿ ತುಳಿದಿಲ್ಲ, ಎಂಜಿನ್ನು ಬಿಸಿಯಾಗ್ಲಿ ಅಂತ ಕಾಯ್ತಿದಾಳೆ," ಅಂದಳು. ನಾನೂ ಕಣ್ಣು ಮುಚ್ಚಿದೆ. ಅಷ್ಟು ಗದ್ದಲದಲ್ಲಿ ನಮ್ಮದರ ದನಿ ಬೇರೆಯೇ ಕೇಳಿತು. ದಪ್ಪಗೆ, ಎದೆಮಟ್ಟದಲ್ಲಿ. ಆಮೇಲೆ ಏರಿತು. ಏರುತ್ತಲೇ ಹೋಯಿತು.

ಕಣ್ಣು ಬಿಟ್ಟಾಗ ಅವಳ ಹಿಂದೆ ಕಾರುಗಳಿದ್ದವು. ಒಂದು, ಇನ್ನೊಂದು, ಮತ್ತೂ ಒಂದು. ಬಸ್ಸು ಲಾರಿಗಳ ಸಂದಿಯಲ್ಲಿ ತೂರಿ ಬೆಳೆದವಳಲ್ಲವೇ, ತಿರುವುಗಳಲ್ಲಿ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ನುಸುಳಿದಳು. ಕೊನೆಯ ತಿರುವಿನಲ್ಲಿ ಬಿಳೀ ಕಾರಿನ ಮಗ್ಗುಲಿಗೆ ಬಂದು, ಹಾರನ್ ಹೊಡೆದು, ದಾರಿ ಬಿಡಿಸಿಕೊಂಡು, ದಾಟಿದಳು. ರೇಸಿನಲ್ಲಿ ಹಾರನ್ ಹೊಡೆದವರು ಯಾರಾದರೂ ಉಂಟೇ? ಬಯಲೆಲ್ಲ ನಗು, ಕೂಗು. ಮೀಸೆಯ ಟೋಪಿ ಎಲ್ಲೋ ಹಾರಿಹೋಯಿತು.

ಮೊದಲನೆಯವಳಾಗಿ ಬರಲಿಲ್ಲ. ನಾಲ್ಕನೆಯವಳು. ಯಾರಿಗೆ ಬೇಕು ಲೆಕ್ಕ! ಇಳಿದವಳು ಬಾನೆಟ್ಟಿನ ಮೇಲೆ ಕೆನ್ನೆಯಿಟ್ಟು ಹಾಗೇ ನಿಂತಳು, ಸುಡುತ್ತಿದ್ದರೂ.

ಬಿಳೀ ಕಾರಿನವನು ಬಂದ. ಮನುಷ್ಯ ಕೆಟ್ಟವನಲ್ಲ. ಎಂಜಿನ್ನನ್ನು ಸುತ್ತಿ ನೋಡಿ, "ಇದನ್ನ ನಂಗೆ ಮಾರ್ತೀರಾ? ನೀವು ಹೇಳಿದ ಬೆಲೆ," ಅಂದ. ಬೀದಿಯೆಲ್ಲ ಕಿವಿಯಾಯಿತು.

"ಮಾರೋದಿಲ್ಲ ಸಾರ್," ಅಂದಳು ಟ್ಯಾಕ್ಸಿ. ಹಿಂಬಾಗಿಲು ತೆಗೆದು ಹಿಡಿದಳು. "ಬೇಕಿದ್ರೆ ಕೂತ್ಕೊಳ್ಳಿ, ಮನೆ ತನಕ ಬಿಡ್ತೀನಿ. ಮೀಟರ್ ಮೇಲೆ."

ಅವನು ನಿಜವಾಗಿಯೂ ಕೂತ! ಹೋಗುವಾಗ ಕಿಟಕಿಯಿಂದ ಕೈ ಬೀಸುತ್ತಿದ್ದ, ಮೊದಲ ಸಲ ಜೋಕಾಲಿ ಹತ್ತಿದವನ ಹಾಗೆ.

ಗೋದಾಮು ಕಟ್ಟಲಿ. ಕಲ್ಲು ಹಾಕುವ ಮೊದಲು ಆ ಬಯಲು ಈ ಸದ್ದನ್ನು ಕೇಳಿತಲ್ಲ.

ಮಾರ್ಚ್ ೨೦

ಪ್ಲಾಸ್ಟರ್ ಬಿಚ್ಚಿದರು. ಅಕ್ಕ ಅಂಗಡಿಯ ತನಕ ನಡೆದು ಬಂದಳು. ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿ, "ಪಿಸ್ಟನ್ನೆಲ್ಲ ಕಾಯಿಲೆ ಪ್ರಕಾರ ಜೋಡಿಸಿದೀಯಲ್ಲೋ, ಯಾರು ಹೇಳಿಕೊಟ್ರು?" ಅಂದಳು. ಆ ಮುದುಕ, ಅಂದೆ. ದಿನಾ ಬರುತ್ತಾನೆ.

"ಸರಿ, ನೀನು ಹೊರಡು ಇನ್ನು. ನಿನ್ನ ಪತ್ರಿಕೆ ಕಾಯ್ತಿರುತ್ತೆ."

ಹೌದು, ಹೊರಡಬೇಕು. ನಾಳೆ ಒಡೆದ ಕಾರುಗಳ ಲಾರಿ ಬರುತ್ತದೆ. ಅಕ್ಕನಿಂದ ಭಾರ ಎತ್ತಲಾಗದು. ಅದೊಂದು ಇಳಿಸಿಕೊಟ್ಟು ನಾಡಿದ್ದು ಹೊರಡುತ್ತೇನೆ. ಆಚೆ ನಾಡಿದ್ದಾದರೂ ಸರಿಯೇ. ಟ್ಯಾಕ್ಸಿ ಬೇರೆ, ಇನ್ನೊಬ್ಬಳು ಬಸ್ಸು ಓಡಿಸುವವಳನ್ನು ಕರೆತರುತ್ತೇನೆ ಅಂದಿದ್ದಾಳೆ. ಅವಳಿಗೂ ಒಂದು ಎಂಜಿನ್ನು ಬೇಕಂತೆ. ಅವಳಿಗೆ ಬೇಕಾದ್ದೇನು ಎಂದು ಮೊದಲು ಕೂತು ಕೇಳಬೇಕು.

ಮಾರ್ಚ್ ೨೧

ಲಾರಿ ಬಂತು. ಬರೆಯಲು ಪುರುಸೊತ್ತಿಲ್ಲ.